ತೋಟದ ಮನೆಗೆ ಬರುವ ಅತಿಥಿ: ಪೋರ್ಚುಗಲ್ ಕಲಿಸುವ ಪಾಠ



ಬೆಳೆಗಾರನ ಮನೆಗೆ ನೆಂಟರಿಷ್ಟರು ಬಂದುಹೋಗುವುದು ಹೊಸ ಸಂಗತಿಯೇನಲ್ಲ. ಹಣ ಕೊಟ್ಟು ತಂಗಿ ಹೋಗುವ ನೆಂಟರು ಮಾತ್ರ ಹೊಸಬರು. 2001-02ರ ಸುಮಾರಿಗೆ ಕಾಫಿಯ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಅನೇಕ ಬೆಳೆಗಾರರು ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದರು. ಅದು ಕಷ್ಟಕಾಲದ ಉಪಾಯವಾಗಿತ್ತು. ಈಗ ಅದೇ ಒಂದು ಉದ್ಯಮವಾಗಿ ಬೆಳೆದು ನಿಂತಿದೆ. ಸಂಘದ ಕಛೇರಿಗೆ ಗೊಬ್ಬರದ ಸಾಲಕ್ಕೆಂದು ಬರುವ ಸದಸ್ಯರು ಅರ್ಜಿಗೆ ಸಹಿ ಹಾಕುತ್ತಲೇ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ಅತಿಥಿಗಳನ್ನು ಇಟ್ಟುಕೊಳ್ಳಬಹುದೇ ಎಂಬುದು ಒಂದು. ಎರಡೆಕರೆ ಬಿಟ್ಟುಕೊಟ್ಟರೆ ಪೇಟೆಯವರು ಕಾಟೇಜು ಕಟ್ಟುತ್ತಾರಂತೆ, ಕೊಡಬಹುದೇ ಎಂಬುದು ಇನ್ನೊಂದು.

ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವೆಂದು ಬಹುಮಂದಿ ಭಾವಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದು ಬೇಸಾಯಕ್ಕೆ ಆಸರೆಯಾಗಬಲ್ಲದು. ಎರಡನೆಯದು ಬೇಸಾಯದ ಕೊನೆಯ ಆರಂಭ. ಬರಿಯ ಉಪದೇಶವಾಗಿ ಇದನ್ನು ಹೇಳಿದರೆ ಯಾರೂ ಕಿವಿಗೊಡುವುದಿಲ್ಲವೆಂದು ನಮಗೆ ಗೊತ್ತಿದೆ. ಆದುದರಿಂದ ನಮಗಿಂತ ಇಪ್ಪತ್ತು ವರ್ಷ ಮೊದಲೇ ಈ ದಾರಿ ಹಿಡಿದ ಒಂದು ದೇಶದ ಅನುಭವವನ್ನು ಸದಸ್ಯರ ಮುಂದಿಡಬಯಸುತ್ತೇವೆ. ಆ ದೇಶ ಪೋರ್ಚುಗಲ್.

ಕಳೆದ ಸೆಪ್ಟೆಂಬರಿನಲ್ಲಿ, ಅಡಿಕೆಗೆ ಮದ್ದು ಹೊಡೆಸುವ ಕೆಲಸ ಮುಗಿದು ಕಾಫಿ ಕೊಯ್ಲು ಇನ್ನೂ ದೂರವಿದ್ದ ಬಿಡುವಿನಲ್ಲಿ, ನಾವು ದಂಪತಿಗಳು ಅಲ್ಲಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದೆವು. ರಾಜಧಾನಿ ಲಿಸ್ಬನ್ನಿನಿಂದ ದಕ್ಷಿಣಕ್ಕೆ ಸುಮಾರು ಇನ್ನೂರು ಕಿಲೋಮೀಟರು ದೂರದಲ್ಲಿ, ಅಲೆಂತೇಜು ಪ್ರಾಂತದ ಒದೆಮಿರ ತಾಲ್ಲೂಕಿನಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಗೆ ಸಮೀಪದಲ್ಲಿರುವ ಎರಡು ಹಳೆಯ ಬೇಸಾಯದ ಮನೆಗಳಲ್ಲಿ ನಮ್ಮ ವಾಸ. ಎರಡನ್ನೂ ಪ್ರವಾಸಿಗರ ವಾಸಕ್ಕೆ ಮಾರ್ಪಡಿಸಲಾಗಿತ್ತು. ಎರಡೂ ನೋಡಲು ಒಂದೇ ತೆರನಾಗಿದ್ದುವು. ಆದರೆ ಅವುಗಳ ನಡುವಣ ವ್ಯತ್ಯಾಸವೇ ಈ ಲೇಖನಕ್ಕೆ ಕಾರಣ.

ಪೋರ್ಚುಗೀಸರು ನಮಗೆ ಅಪರಿಚಿತರಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಮೆಣಸಿಗೂ ಅಕ್ಕಿಗೂ ಅವರು ಕಾದಾಡಿದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರು ಅವರೇ. ನಮ್ಮ ಬೇಲಿಯ ಗೇರು, ಹಿತ್ತಲಿನ ಅನಾನಸು, ಅಡಿಗೆಮನೆಯ ಮೆಣಸಿನಕಾಯಿ ಅವರ ಹಡಗುಗಳಲ್ಲಿ ಬಂದುವು. ಪಾದ್ರಿ, ಅಲಮಾರು, ಬಟಾಟೆ, ಚಾವಿ ಮೊದಲಾದ ಮಾತುಗಳೂ ಅವರಿಂದಲೇ ಬಂದುವು. ಆ ಮನೆಯೊಡತಿ ಕೋಣೆಯ ಬೀಗದ ಕೈಯನ್ನು ನಮ್ಮ ಕೈಗಿಟ್ಟು "ಶಾವಿ" ಎಂದಾಗ ನಮ್ಮ ಮನೆಯವರಿಗೆ ದುಭಾಷಿ ಬೇಕಾಗಲಿಲ್ಲ.

ಅಲೆಂತೇಜಿನಲ್ಲಿ ಬೇಸಾಯದ ಮನೆಗೆ "ಮೊಂತೆ" ಎನ್ನುತ್ತಾರೆ. ಗುಡ್ಡ ಎಂದು ಅದರ ಅರ್ಥ. ದಿಣ್ಣೆಯ ಮೇಲೆ ಮನೆ, ಸುತ್ತ ಇಳಿಜಾರಿನಲ್ಲಿ ಹೊಲ. ಹೀಗಾಗಿ ಮನೆಗೇ ಆ ಹೆಸರು ನಿಂತಿತು. ಗೋಡೆಗಳು ಮಣ್ಣಿನವು. ಎರಡು ಹಲಗೆಗಳ ನಡುವೆ ಹಸಿ ಮಣ್ಣನ್ನು ಹಾಕಿ ಗುದ್ದಿ ಗುದ್ದಿ ಗಟ್ಟಿಮಾಡಿ ಎಬ್ಬಿಸಿದವು, ಮೊಳಕ್ಕಿಂತ ದಪ್ಪ. ಕಿಟಕಿ ಚಿಕ್ಕದು, ಬಾಗಿಲು ತಗ್ಗು, ಮಾಡಿಗೆ ಹೆಂಚು. ಹೊರಗೆ ಬೆಳ್ಳಗೆ ಸುಣ್ಣ, ಬುಡಕ್ಕೂ ಕಿಟಕಿಯ ಸುತ್ತಲೂ ನೀಲಿಯ ಪಟ್ಟಿ. ಅಂಗಳದ ಮೂಲೆಯಲ್ಲಿ ರೊಟ್ಟಿ ಸುಡುವ ಗುಮ್ಮಟದಂಥ ಒಲೆ. ಬೇಸಗೆಯ ಬಿಸಿಲಿಗೂ ಸಮುದ್ರದ ಗಾಳಿಗೂ ಸೊಪ್ಪು ಹಾಕದ ಕಟ್ಟಡ. ಮಣ್ಣುಗೋಡೆಯ ನಮ್ಮ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟು ಎಬ್ಬಿಸಿ, ಮೇಲೆ ಬಿಸಿಲಿಗೆ ತಗಡು ಹಾಕಿಕೊಂಡವರು ಇದನ್ನು ಒಮ್ಮೆ ನೋಡಬೇಕು.

ಇಂತಹ ಮನೆಗಳು ಖಾಲಿಯಾದದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು. 1960ರ ದಶಕದಲ್ಲಿ ಲಕ್ಷಾಂತರ ಪೋರ್ಚುಗೀಸರು ಕೂಲಿ ಹುಡುಕಿಕೊಂಡು ಫ್ರಾನ್ಸ್, ಜರ್ಮನಿಗಳಿಗೆ ವಲಸೆ ಹೋದರು. 1961ರಿಂದ 1974ರವರೆಗೆ ಆಫ್ರಿಕಾದ ವಸಾಹತುಗಳಲ್ಲಿ ನಡೆದ ಯುದ್ಧಕ್ಕೆ ಊರಿನ ತರುಣರನ್ನು ಸೈನ್ಯಕ್ಕೆ ಎಳೆದೊಯ್ದರು. 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಉರುಳಿತು. 1975ರಲ್ಲಿ ಅಲೆಂತೇಜಿನ ಕೃಷಿಕಾರ್ಮಿಕರು ಹತ್ತು ಲಕ್ಷ ಹೆಕ್ಟೇರಿಗೂ ಮೀರಿದ ದೊಡ್ಡ ಹಿಡುವಳಿಗಳನ್ನು ವಶಪಡಿಸಿಕೊಂಡು ಸಾಮೂಹಿಕ ಬೇಸಾಯಕ್ಕಿಳಿದರು. ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ಶಾಸನ ಬಿಗಿಗೊಂಡದ್ದೂ 1974ರಲ್ಲಿಯೇ ಎಂಬುದನ್ನು ಹಿರಿಯ ಸದಸ್ಯರು ನೆನೆದಾರು. ಅಲ್ಲಿ ಆ ಭೂಮಿಯ ಬಹುಪಾಲು ಮುಂದಿನ ವರ್ಷಗಳಲ್ಲಿ ಹಿಂದಿನ ಒಡೆಯರಿಗೇ ಮರಳಿತು. ಆದರೆ ಊರು ಬಿಟ್ಟ ಮಕ್ಕಳು ಮರಳಲಿಲ್ಲ. ಮಾಡು ಕುಸಿದ ಮನೆಗಳು ಗುಡ್ಡಗುಡ್ಡಕ್ಕೂ ಉಳಿದುವು.

ಆಗ ಆ ದೇಶದವರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಹಳೆಯ ಮನೆಗಳನ್ನು ಉಳಿಸಿಕೊಳ್ಳಲು ಅತಿಥಿಯ ಹಣವನ್ನು ಬಳಸುವ ಏರ್ಪಾಡು ಅದು. ಉತ್ತರದ ಪೊಂತೆ ದೆ ಲಿಮ ಎಂಬ ಪಟ್ಟಣದಲ್ಲಿ 1983ರಲ್ಲಿ ಹಳೆಯ ಮನೆಗಳ ಮಾಲೀಕರು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ಒಬ್ಬೊಬ್ಬನೇ ಪ್ರವಾಸಿಗರನ್ನು ಹುಡುಕಿಕೊಂಡು ಅಲೆಯುವುದರ ಬದಲು ಎಲ್ಲರಿಗೂ ಒಂದು ಹೆಸರು, ಒಂದು ಗುಣಮಟ್ಟ. 1986ರಲ್ಲಿ ಆ ದೇಶ ಐರೋಪ್ಯ ಸಮುದಾಯವನ್ನು ಸೇರಿತು. ಅದೇ ವರ್ಷ ಗ್ರಾಮೀಣ ಪ್ರವಾಸದ ಮನೆಗಳಿಗೆ ಪ್ರತ್ಯೇಕ ಶಾಸನವೂ ಬಂತು. 1991ರಿಂದ ಗ್ರಾಮೀಣಾಭಿವೃದ್ಧಿಯ ಐರೋಪ್ಯ ಯೋಜನೆಯ ನೆರವು ಹರಿಯಿತು. ಎಷ್ಟೋ ಮಾಡುಗಳಿಗೆ ಹೆಂಚು ಬಂದದ್ದು ಆ ಹಣದಿಂದಲೇ.

2008ರಲ್ಲಿ ಪರಿಷ್ಕರಿಸಿದ ಕಾನೂನಿನ ಒಂದು ಅಂಶವನ್ನು ಸದಸ್ಯರು ಗಮನವಿಟ್ಟು ಓದಬೇಕು. ಹಳ್ಳಿಗಾಡಿನಲ್ಲಿ ಸ್ಥಳೀಯ ಮಾದರಿಯಂತೆ ಕಟ್ಟಿದ ಮನೆ ಒಂದು ವರ್ಗ. "ಕೃಷಿಪ್ರವಾಸ" ಎಂಬುದು ಇನ್ನೊಂದು ವರ್ಗ. ಈ ಎರಡನೆಯ ಹೆಸರನ್ನು ಇಟ್ಟುಕೊಳ್ಳಬೇಕಾದರೆ ಆ ಮನೆ ಬೇಸಾಯ ನಡೆಯುತ್ತಿರುವ ಭೂಮಿಯಲ್ಲಿಯೇ ಇರಬೇಕು. ಅತಿಥಿಯು ಆ ಬೇಸಾಯವನ್ನು ಕಂಡು ತಿಳಿಯಲು, ಇಷ್ಟವಿದ್ದರೆ ಕೆಲಸದಲ್ಲಿ ಕೈಜೋಡಿಸಲು, ಅವಕಾಶವಿರಬೇಕು. ಎರಡೂ ವರ್ಗಗಳಲ್ಲಿ ಬಾಡಿಗೆಯ ಘಟಕಗಳು 15ಕ್ಕೆ ಮೀರಕೂಡದು. ಅಂದರೆ ಬೇಸಾಯವಿಲ್ಲದ ಮನೆ ಬೇಸಾಯದ ಹೆಸರು ಹೇಳಿಕೊಂಡು ಹಣ ಎತ್ತುವಂತಿಲ್ಲ. ನಮ್ಮಲ್ಲಿ ಸೈಟು ಮಾಡಿ ಮಾರಿದ ತೋಟದ ನಡುವೆ ಎಂಟು ಕಾಫಿ ಗಿಡ ಉಳಿಸಿ "ಎಸ್ಟೇಟ್ ಸ್ಟೇ" ಎಂದು ಬೋರ್ಡು ಹಾಕುವವರನ್ನು ಸದಸ್ಯರು ಬಲ್ಲರು.

ಸಮುದ್ರತೀರದ ಆ ಭಾಗವನ್ನು 1988ರಲ್ಲಿ ಸಂರಕ್ಷಿತ ಪ್ರದೇಶವಾಗಿಯೂ 1995ರಲ್ಲಿ ನೈಸರ್ಗಿಕ ಉದ್ಯಾನವಾಗಿಯೂ ಘೋಷಿಸಿದರು. ಅದರ ದಕ್ಷಿಣಕ್ಕಿರುವ ಅಲ್ಗಾರ್ವೆಯ ಕಡಲತಡಿಯಲ್ಲಿ ಸಾಲುಸಾಲಾಗಿ ಎದ್ದ ಎತ್ತರದ ಹೋಟೆಲುಗಳು ಇಲ್ಲಿ ಏಳಲಿಲ್ಲ. ಬದಲಿಗೆ 2012ರಲ್ಲಿ ನಡಿಗೆಯ ದಾರಿಗಳ ಒಂದು ಜಾಲವನ್ನು ತೆರೆದರು. ಬೆಸ್ತರು ಬಂಡೆಗಳ ಮೇಲೆ ಗಾಳ ಹಾಕಲು ಹೋಗುತ್ತಿದ್ದ ಕಾಲುದಾರಿಯೇ ಇಂದು ಪ್ರವಾಸಿಗರ ದಾರಿ. ಅದಕ್ಕೆ ಮೊದಲು ಕೈಹಾಕಿದವರು "ಬಿಳಿಮನೆಗಳು" ಎಂಬರ್ಥದ ಹೆಸರಿನ ಒಂದು ಸ್ಥಳೀಯ ಸಂಘದವರು. ಅತಿಥಿಗೃಹ ನಡೆಸುವ ಅಲ್ಲಿನವರೇ ಅದರ ಸದಸ್ಯರು. ಬೇಸಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವವರು ಹೇಗೂ ಬರುತ್ತಾರೆ, ಉಳಿದ ತಿಂಗಳು ಮನೆ ಖಾಲಿ ಬೀಳಬಾರದೆಂಬುದು ಅವರ ಲೆಕ್ಕಾಚಾರ. ನಡೆಯುವವನಿಗೆ ಬೇಸಗೆ ಬೇಡ. ವಸಂತ ಬೇಕು, ಶರತ್ಕಾಲ ಬೇಕು. ನಾವೂ ಒಂದು ದಿನ ಸರ್ದಾವ್ ಭೂಶಿರದವರೆಗೆ ನಡೆದೆವು. ಅಲ್ಲಿ ಕಡಲ ನಡುವಣ ಬಂಡೆಗಳ ನೆತ್ತಿಯಲ್ಲಿ ಬಿಳಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಹೊತ್ತಿಗೆ ಮರಿಗಳು ಹಾರಿಹೋಗಿ ಗೂಡುಗಳು ಬರಿದಾಗಿದ್ದುವು.

ಈಗ ನಾವು ಇಳಿದ ಮನೆಗಳ ವಿಚಾರ.

ಮೊದಲನೆಯ ಮನೆಯಲ್ಲಿ ಅರುವತ್ತು ದಾಟಿದ ಒಡತಿ, ಆಕೆಯ ಮಗ, ಸೊಸೆ. ಇಂಗ್ಲಿಷು ಬಲ್ಲವನು ಮಗ. ಹಿಂದೆ ಹೇಸರಗತ್ತೆ ಕಟ್ಟುತ್ತಿದ್ದ ಲಾಯವನ್ನೂ ಧಾನ್ಯದ ಉಗ್ರಾಣವನ್ನೂ ದುರಸ್ತಿ ಮಾಡಿಸಿ ಐದು ಕೋಣೆ ಮಾಡಿದ್ದರು. ಹೊಸದಾಗಿ ಕಟ್ಟಿದ್ದು ಸ್ನಾನಗೃಹಗಳು ಮಾತ್ರ. ಮನೆಯ ಹಿಂದೆ ಬಿರಟೆಮರಗಳ ತೋಪು, ನೂರೈವತ್ತು ಕುರಿ, ಸಿಹಿಗೆಣಸಿನ ಹೊಲ, ಆಲಿವ್ ಮರಗಳು. ಬೆಳಗಿನ ಉಪಾಹಾರಕ್ಕೆ ಮನೆಯ ರೊಟ್ಟಿ, ಕುರಿಹಾಲಿನ ಗಿಣ್ಣು, ಅಂಜೂರ, ಜೇನು. ಎಂಟು ಗಂಟೆಯಾದರೆ ಒಡತಿ ಅತಿಥಿಗಳನ್ನು ಬಿಟ್ಟು ಕುರಿಗಳ ಹಿಂದೆ ನಡೆದುಬಿಡುತ್ತಿದ್ದಳು. ಏನಾದರೂ ಬೇಕಿದ್ದವರು ಹೊಲಕ್ಕೇ ಹೋಗಿ ಕೇಳಬೇಕು. ಇದರಿಂದ ಯಾರಿಗೂ ಬೇಸರವಾದದ್ದನ್ನು ನಾವು ಕಾಣಲಿಲ್ಲ. ಇಬ್ಬರು ಡಚ್ಚರಂತೂ ಕೆಲಸಕ್ಕೆ ಸೇರಿದವರಂತೆ ದಿನವೂ ಗೆಣಸು ಕೀಳಲು ಹೋಗುತ್ತಿದ್ದರು.

ಬಿರಟೆಮರದ ಬೇಸಾಯ ನಮ್ಮಂಥವರಿಗೆ ಪಾಠ ಹೇಳುವಂಥದು. ಸೀಸೆಯ ಬಿರಟೆ ಆಗುವುದು ಅದರ ತೊಗಟೆಯಿಂದ. ಮರ ನೆಟ್ಟು ಸುಮಾರು 25 ವರ್ಷಕ್ಕೆ ಮೊದಲ ತೊಗಟೆ ಸುಲಿಯುತ್ತಾರೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಅದಕ್ಕೆ ಮೊದಲು ಸುಲಿಯುವುದು ಕಾನೂನಿಗೆ ವಿರುದ್ಧ. ಸೀಸೆಗೆ ಒಪ್ಪುವ ತೊಗಟೆ ಮೂರನೆಯ ಸುಲಿತದಿಂದ, ಎಂದರೆ ನೆಟ್ಟು ನಾಲ್ವತ್ತು ವರ್ಷ ದಾಟಿದ ಮೇಲೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಡುತ್ತಾರೆ. ಕೊಡಲಿಯ ಏಟು ಒಳತೊಗಟೆಗೆ ತಾಗಿದರೆ ಮರ ಕೆಟ್ಟಿತು. ನಮ್ಮ ಕೊನೆಗಾರರಂತೆ ಆ ಕೆಲಸ ಬಲ್ಲವರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕೂಲಿಯೂ ಹೆಚ್ಚು. ಅನುಮತಿಯಿಲ್ಲದೆ ಆ ಮರವನ್ನು ಕಡಿಯುವಂತಿಲ್ಲ. ಜಗತ್ತಿನ ಬಿರಟೆಯಲ್ಲಿ ಸುಮಾರು ಅರ್ಧದಷ್ಟು ಆ ಪುಟ್ಟ ದೇಶದ್ದೇ.

ಒಂಬತ್ತು ವರ್ಷಕ್ಕೊಮ್ಮೆ ಬರುವ ಹಣವನ್ನು ನಂಬಿ ಸಂಸಾರ ಮಾಡುವುದು ಹೇಗೆ? ನಾವು ಅದನ್ನೇ ಕೇಳಿದೆವು. ಅತಿಥಿಗಳ ಹಣದಿಂದ ದಿನದ ಖರ್ಚು, ಮಾಡಿನ ದುರಸ್ತಿ. ಕುರಿಯ ಹಣದಿಂದ ಕುರಿಯ ಖರ್ಚು. ಬಿರಟೆಯ ಹಣ ಮಕ್ಕಳ ಹೆಸರಿಗೆ ಎಂದು ಮಗ ವಿವರಿಸಿದ. ಅತಿಥಿಗಳಿಂದಲೇ ಹೆಚ್ಚು ಬರುವಾಗ ಕುರಿಗಳ ಗೋಳೇಕೆ ಎಂದರೆ, ಒಡತಿಗೆ ನಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ. ಕುರಿ ಮೇಯದಿದ್ದರೆ ತೋಪಿನೊಳಗೆ ಕುರುಚಲು ಬೆಳೆಯುತ್ತದೆ, ಕುರುಚಲು ಬೆಳೆದರೆ ಬೆಂಕಿ ಬರುತ್ತದೆ, ಬೆಂಕಿ ಬಂದರೆ ಅತಿಥಿ ಎಲ್ಲಿಗೆ ಬರುತ್ತಾನೆ ಎಂದಳು. ಇದಕ್ಕಿಂತ ಸರಳವಾದ ಆಯವ್ಯಯದ ಪಾಠವನ್ನು ನಾವು ಪದವಿ ತರಗತಿಯಲ್ಲೂ ಕೇಳಿರಲಿಲ್ಲ.

ಅವರ ಕಾಫಿಯ ವಿಚಾರ ಹೇಳದಿದ್ದರೆ ಸದಸ್ಯರು ಒಪ್ಪಲಾರರು. ಪುಟ್ಟ ಬಟ್ಟಲಿನಲ್ಲಿ ಗುಟುಕಿನಷ್ಟು ಕಪ್ಪು ಕಾಫಿ. ಲಿಸ್ಬನ್ನಿನಲ್ಲಿ ಅದಕ್ಕೆ "ಬಿಕ" ಎಂದು ಹೆಸರು. ಅದರಲ್ಲಿ ರೊಬಸ್ಟಾದ ಪಾಲು ಚೆನ್ನಾಗಿಯೇ ಇರುತ್ತದೆ. ಹಿಂದೆ ಅದು ಅವರ ವಸಾಹತಾದ ಅಂಗೋಲದಿಂದ ಬರುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಂಗೋಲ ಜಗತ್ತಿನ ಮುಂಚೂಣಿಯ ಕಾಫಿ ದೇಶಗಳಲ್ಲೊಂದು. 1975ರಲ್ಲಿ ಸ್ವಾತಂತ್ರ್ಯ ಬಂದು, ಬೆನ್ನಿಗೇ ಅಂತರ್ಯುದ್ಧ ಹತ್ತಿ ತೋಟಗಳು ಹಾಳುಬಿದ್ದುವು. ಇಂದು ಅವರ ಬಟ್ಟಲಿಗೆ ಹಲವು ದೇಶಗಳ ಬೀಜ ಬೀಳುತ್ತದೆ. ನಮ್ಮ ರೊಬಸ್ಟಾಕ್ಕೆ ಯೂರೋಪಿನಲ್ಲಿ ಹೆಸರಿದೆ. ಇಟಲಿ, ಜರ್ಮನಿಗಳು ನಮ್ಮ ದೊಡ್ಡ ಗಿರಾಕಿಗಳು. ಆದರೂ ದಿನಕ್ಕೆ ಐದಾರು ಬಾರಿ ಕಾಫಿ ಕುಡಿಯುವ ಆ ಮನೆಯವರು ಕಾಫಿಯ ಗಿಡವನ್ನು ಕಂಡಿರಲಿಲ್ಲ. ಹೂಮಳೆಯ ಮಾತು, ಮರಕಸಿಯ ಮಾತು, ಕಣದಲ್ಲಿ ಹಣ್ಣು ಒಣಗಿಸುವ ಮಾತು ಇವನ್ನೆಲ್ಲ ರಾತ್ರಿ ಹತ್ತರವರೆಗೆ ಕೇಳುತ್ತ ಕುಳಿತರು. ಬೇಸಾಯವನ್ನು ನೋಡಬೇಕೆಂದು ಹಣ ಕೊಟ್ಟು ಬರುವವರಿದ್ದಾರೆಂಬ ಮಾತು ನಮಗೆ ಆ ರಾತ್ರಿ ನಂಬಿಕೆಗೆ ಬಂತು. ಅಡಿಕೆಯನ್ನು ಮಾತ್ರ ಅವರಿಗೆ ಒಪ್ಪಿಸಲು ನಮ್ಮಿಂದಾಗಲಿಲ್ಲ. ಒಡತಿ ಒಂದು ಹೋಳನ್ನು ಬಾಯಿಗಿಟ್ಟು, ಮುಖ ಕಿವಿಚಿ, ಇದನ್ನು ಬೆಳೆದು ಸಂಘವನ್ನೂ ಕಟ್ಟಿಕೊಂಡಿದ್ದೀರಾ ಎಂದು ಕೇಳಿದಳು.

ಎರಡನೆಯ ಮನೆಗೆ ಬರೋಣ. ಸಮುದ್ರಕ್ಕೆ ಇನ್ನೂ ಸಮೀಪ. ಸುಣ್ಣ ಇನ್ನೂ ಬಿಳುಪು, ನೀಲಿ ಪಟ್ಟಿ ಇನ್ನೂ ನೇರ. ಅಂಗಳವಿದ್ದಲ್ಲಿ ಈಜುಕೊಳ. ಆದರೆ ನಮ್ಮನ್ನು ಬರಮಾಡಿಕೊಳ್ಳಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೋಡೆಯ ಪೆಟ್ಟಿಗೆಯೊಂದಕ್ಕೆ ದೂರವಾಣಿಯಲ್ಲಿ ಬಂದ ಅಂಕಿಗಳನ್ನು ಒತ್ತಿದಾಗ ಚಾವಿ ಹೊರಬಂತು. ಮಾಲೀಕರು ಬೇರೆ ದೇಶದವರು. ವರ್ಷಕ್ಕೆ ಎರಡು ವಾರ ಬರುತ್ತಾರಂತೆ. ಮನೆಯ ಸುತ್ತ ಇದ್ದ ಬಿರಟೆತೋಪು ಮನೆಯ ಜೊತೆಗೇ ಮಾರಾಟವಾಗಿತ್ತು. ತೊಗಟೆ ಸುಲಿಯುವ ವರ್ಷ ಕಳೆದು ಬಹುಕಾಲವಾದರೂ ಯಾರೂ ಸುಲಿಸಿರಲಿಲ್ಲ. ಮರಗಳ ನಡುವೆ ಎದೆಮಟ್ಟ ಕುರುಚಲು. ಆಲಿವ್ ಹಣ್ಣು ಯಾರೂ ಹೆಕ್ಕದೆ ನೆಲದಲ್ಲಿ ಕೊಳೆಯುತ್ತಿತ್ತು. ಸ್ನಾನದ ನೀರು ಕಾಯದಿದ್ದಾಗ ಕೇಳಲು ಜನವಿಲ್ಲ. ಮೂರು ಬಾರಿ ಸಂದೇಶ ಕಳುಹಿಸಿದ ಮೇಲೆ ಮರುದಿನ ಪಟ್ಟಣದಿಂದ ಒಬ್ಬ ಬಂದ. ಮನೆ ಚಂದವೇ. ಆದರೆ ಅದು ಯಾವ ಊರಿನ ಮನೆಯಾದರೂ ಆಗಬಹುದಿತ್ತು.

2014ರಲ್ಲಿ ಪೋರ್ಚುಗಲ್ ಸರ್ಕಾರ "ಸ್ಥಳೀಯ ವಸತಿ" ಎಂಬ ಹೆಸರಿನಲ್ಲಿ ಪ್ರತ್ಯೇಕ ಕಾನೂನು ಮಾಡಿ ಖಾಸಗಿ ಮನೆಗಳನ್ನು ಪ್ರವಾಸಿಗರಿಗೆ ಕೊಡುವುದನ್ನು ಸುಲಭಗೊಳಿಸಿತು. ಈ ವರ್ಗದ ಮನೆಗೆ ಬೇಸಾಯದ ಸಂಬಂಧವಿರಬೇಕೆಂದಿಲ್ಲ. 2012ರಲ್ಲಿ ಆರಂಭವಾದ ಇನ್ನೊಂದು ಯೋಜನೆಯಲ್ಲಿ ಆಸ್ತಿ ಕೊಂಡ ವಿದೇಶೀಯರಿಗೆ ವಾಸದ ಪರವಾನಗಿ ಕೊಟ್ಟರು. ಮನೆಗಳ ಬೆಲೆ ಏರಿತೆಂಬ ಕೂಗೆದ್ದ ಮೇಲೆ 2023ರಲ್ಲಿ ಆಸ್ತಿಯ ಖರೀದಿಗೆ ಅದನ್ನು ನಿಲ್ಲಿಸಿದರು. ಊರಿನ ಹುಡುಗ ಮದುವೆಯಾದರೆ ಊರಿನಲ್ಲಿ ಮನೆ ಸಿಕ್ಕುವುದಿಲ್ಲ ಎಂಬ ದೂರನ್ನು ನಾವು ಕಾಫಿ ಅಂಗಡಿಗಳಲ್ಲಿ ಕಿವಿಯಾರೆ ಕೇಳಿದೆವು.

ಬೆಂಕಿಯ ಮಾತು ಬರಿಯ ಹೆದರಿಕೆಯಲ್ಲ. 2017ರ ಜೂನ್ ತಿಂಗಳಲ್ಲಿ ಆ ದೇಶದ ನಡುಭಾಗದ ಪೆದ್ರೋಗಾವ್ ಗ್ರಾಂದೆಯಲ್ಲಿ ಹತ್ತಿದ ಕಾಡ್ಗಿಚ್ಚಿಗೆ 66 ಜನ ಸತ್ತರು. 2023ರ ಆಗಸ್ಟಿನಲ್ಲಿ ಒದೆಮಿರದಲ್ಲಿಯೇ ಬೆಂಕಿ ಬಿದ್ದು 8,000 ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು. ಹಳ್ಳಿಯವರನ್ನೂ ಪ್ರವಾಸಿಗರನ್ನೂ ತೆರವುಗೊಳಿಸಬೇಕಾಯಿತು. ಮನೆಯ ಸುತ್ತ 50 ಮೀಟರು ದೂರ ಕುರುಚಲು ತೆಗೆಸಬೇಕೆಂದು ಕಾನೂನಿದೆ. ಕಾನೂನು ಇದ್ದರಾಯಿತೇ? ಕತ್ತಿ ಹಿಡಿಯುವ ಕೈ ಬೇಕು, ಮೇಯುವ ಕುರಿ ಬೇಕು. ಒಡೆಯನಿಲ್ಲದ ತೋಟಕ್ಕೆ ಎಲ್ಲ ದೇಶದಲ್ಲೂ ಒಂದೇ ಗತಿ.

ಇನ್ನೊಂದು ಸಂಗತಿಯನ್ನು ಮರೆಮಾಚಿ ಆ ದೇಶವನ್ನು ಹೊಗಳಿದರೆ ನಮ್ಮ ಬರಹ ಪ್ರವಾಸದ ಕರಪತ್ರವಾದೀತು. ಎರಡನೆಯ ಮನೆಯಿಂದ ಹತ್ತು ನಿಮಿಷ ನಡೆದರೆ ಕಣ್ಣು ಹಾಯುವವರೆಗೂ ಪ್ಲಾಸ್ಟಿಕ್ಕಿನ ಡೇರೆಗಳು. ಮೀರಾ ನದಿಯ ಸಾಂತಾ ಕ್ಲಾರಾ ಅಣೆಕಟ್ಟಿನ ನೀರಿನಿಂದ ಆ ಡೇರೆಗಳೊಳಗೆ ರಾಸ್ಪ್‌ಬೆರಿ ಮೊದಲಾದ ಹಣ್ಣುಗಳನ್ನು ಬೆಳೆದು ಉತ್ತರ ಯೂರೋಪಿಗೆ ಕಳುಹಿಸುತ್ತಾರೆ. ಹಣ್ಣು ಕೀಳುವವರು ನೇಪಾಳ, ಭಾರತ, ಬಾಂಗ್ಲಾದೇಶಗಳಿಂದ ಬಂದವರು. ಅಂಗಡಿಯೊಂದರಲ್ಲಿ ಗೋಧಿಹಿಟ್ಟು, ಬೇಳೆ ಮಾರುತ್ತಿದ್ದ ಪಂಜಾಬಿನ ತರುಣ ನಮ್ಮನ್ನು ಕಂಡು ಹಿಂದಿಯಲ್ಲಿ ಮಾತಾಡಿಸಿದ. 2021ರ ಏಪ್ರಿಲ್ ಕೊನೆಗೆ ಕೊರೋನಾ ಸೋಂಕು ಹೆಚ್ಚಿ ಒದೆಮಿರದ ಎರಡು ಗ್ರಾಮವಿಭಾಗಗಳ ಸುತ್ತ ದಿಗ್ಬಂಧನ ಹಾಕಿದಾಗ, ಈ ಕಾರ್ಮಿಕರು ಒಂದೊಂದು ಕೋಣೆಯಲ್ಲಿ ಎಷ್ಟೆಷ್ಟು ಮಂದಿ ಮಲಗುತ್ತಿದ್ದಾರೆಂಬುದು ಇಡೀ ದೇಶಕ್ಕೆ ಗೊತ್ತಾಯಿತು. ಅವರನ್ನು ಇರಿಸಲು ಸರ್ಕಾರ ಸಮೀಪದ ಒಂದು ರಜಾವಿಹಾರವನ್ನು ವಶಪಡಿಸಿಕೊಂಡಿತು. ಅದರೊಳಗೆ ಸ್ವಂತ ಮನೆ ಹೊಂದಿದ್ದವರು ನ್ಯಾಯಾಲಯದ ಮೆಟ್ಟಿಲೇರಿದರು. ಮನೆ ಮಾಲೀಕರ ಹಕ್ಕು ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ರಜೆಗೆ ಬಂದವನಿಗೆ ಮಣ್ಣುಗೋಡೆಯ ತಂಪು ಮನೆ, ದುಡಿಯಲು ಬಂದವನಿಗೆ ತಗಡಿನ ಪೆಟ್ಟಿಗೆ ಎಂಬಂಥ ಏರ್ಪಾಡು ಒಂದಲ್ಲ ಒಂದು ದಿನ ಬೀದಿಗೆ ಬರುತ್ತದೆ.

ಈ ಮಾತು ನಮಗೂ ತಾಗುವಂಥದು. ಇಂದು ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಅಸ್ಸಾಮಿನವರೂ ಝಾರ್ಖಂಡಿನವರೂ ಬಹಳ ಮಂದಿ ಇದ್ದಾರೆ. ಅತಿಥಿಯ ಕೋಣೆಗೆ ಬಿಸಿನೀರಿನ ಯಂತ್ರ ಹಾಕಿಸಿದ ಬೆಳೆಗಾರನು ಲೈನ್‌ಮನೆಯ ಮಾಡು ಸೋರುವುದನ್ನು ನೋಡಿಯೂ ಸುಮ್ಮನಿದ್ದರೆ, ಮುಂದಿನ ಕೊಯ್ಲಿಗೆ ಆಳು ಬರಲಿಲ್ಲವೆಂದು ಸಂಘದ ಮುಂದೆ ಗೋಳಾಡಬಾರದು.

ಇಷ್ಟರ ಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಅತಿಥಿಗಳನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಮಾಡು ಕುಸಿಯುತ್ತಿರುವ ಹಿರಿಯರ ಮನೆಯನ್ನು ಉಳಿಸಿಕೊಳ್ಳಲು ಅದೊಂದು ಮರ್ಯಾದೆಯ ದಾರಿ. ಆದರೆ ಅತಿಥಿ ಬರುವುದು ಬೇಸಾಯವಿರುವ ತೋಟಕ್ಕೆ. ತೋಟವನ್ನೇ ಮಾರಿ ಕಟ್ಟಿದ ಕಾಟೇಜಿಗೆ ಬರುವವನು ನಾಳೆ ಇನ್ನೂ ಚಂದದ ಕಾಟೇಜು ಕಂಡಲ್ಲಿಗೆ ಹೋಗುತ್ತಾನೆ. ಆಗ ನಮ್ಮ ಕೈಯಲ್ಲಿ ತೋಟವೂ ಇಲ್ಲ, ಅತಿಥಿಯೂ ಇಲ್ಲ.

ಆದುದರಿಂದ ಸದಸ್ಯರ ಮುಂದೆ ಐದು ಸಲಹೆಗಳನ್ನು ಇಡುತ್ತೇವೆ. ಒಂದನೆಯದಾಗಿ, ಅತಿಥಿಗಳಿರುವ ಮನೆಯಲ್ಲಿ ಬೆಳೆಗಾರನ ಸಂಸಾರವೂ ವಾಸವಿರಬೇಕು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಮನೆವಸತಿ ಯೋಜನೆಯೂ ಇದನ್ನೇ ಕೇಳುತ್ತದೆ. ಬಾಡಿಗೆ ಕೋಣೆಗಳು ಆರಕ್ಕೆ ಮೀರಬಾರದೆಂದೂ ವಿಧಿಸುತ್ತದೆ. ಎರಡನೆಯದಾಗಿ, ಇರುವ ಕಟ್ಟಡವನ್ನು ಮೊದಲು ಬಳಸಬೇಕು. ಬಳಕೆಯಿಲ್ಲದ ಗೋದಾಮು, ಕೊಟ್ಟಿಗೆ, ಹಳೆಯ ರೈಟರ ಮನೆ ಇವು ಯಾವ ತೋಟದಲ್ಲಿಲ್ಲ? ಕೋಣೆ ಕಟ್ಟುವುದಕ್ಕಾಗಿ ಇಳಿಜಾರನ್ನು ಕಡಿಯುವವರು 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ರೀತಿಯನ್ನು ನೆನಪಿನಲ್ಲಿಡಬೇಕು. ಮೂರನೆಯದಾಗಿ, ಅತಿಥಿಗಳಿಂದ ಬಂದ ಹಣದಲ್ಲಿ ಒಂದು ಪಾಲು ತಪ್ಪದೆ ತೋಟಕ್ಕೆ ಹೋಗಬೇಕು. ಗೊಬ್ಬರಕ್ಕೆ, ಮರಕಸಿಗೆ, ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ಹಾಕಲು. ನಾಲ್ಕನೆಯದಾಗಿ, ಅತಿಥಿಯ ಕೋಣೆಗೆ ಮುಂಚೆ ಲೈನ್‌ಮನೆಯ ದುರಸ್ತಿ. ಐದನೆಯದಾಗಿ, ಪೊಂತೆ ದೆ ಲಿಮದವರಂತೆ, ಒದೆಮಿರದ ಬಿಳಿಮನೆಯವರಂತೆ ನಾವೂ ಒಟ್ಟಾಗಬೇಕು. ಇಂದು ನಮ್ಮ ಸದಸ್ಯರು ಒಬ್ಬರ ಬಾಡಿಗೆಯನ್ನು ಇನ್ನೊಬ್ಬರು ಕಡಿಮೆ ಮಾಡುತ್ತ, ನಡುವಣ ದಲ್ಲಾಳಿ ಕಂಪನಿಗಳಿಗೆ ಕಮಿಷನ್ ತೆರುತ್ತಿದ್ದಾರೆ. ಕಾಫಿಯನ್ನೂ ಅಡಿಕೆಯನ್ನೂ ದಲ್ಲಾಳಿಯ ಕೈಯಿಂದ ಬಿಡಿಸಿಕೊಳ್ಳಲು ಸಂಘ ಕಟ್ಟಿದವರು ನಮ್ಮ ಹಿರಿಯರು. ಅತಿಥಿಯ ವಿಷಯದಲ್ಲಿಯೂ ಒಂದೇ ಹೆಸರು, ಒಂದೇ ದರಪಟ್ಟಿ, ಒಂದೇ ಗುಣಮಟ್ಟ ಇಟ್ಟುಕೊಳ್ಳಲು ಸಂಘದಿಂದ ಸಾಧ್ಯವಿದೆ.

2024ರಿಂದೀಚೆಗೆ ಕಾಫಿ ಕಂಡ ಬೆಲೆಯನ್ನು ನೋಡಿ, ಈಗ ಈ ಚರ್ಚೆ ಏಕೆಂದು ಕೆಲವರು ಕೇಳಬಹುದು. ಈಗಲೇ ಬೇಕು ಎಂಬುದು ನಮ್ಮ ವಾದ. ಬೆಲೆ ಕುಸಿದು, ಸಾಲದ ನೋಟೀಸು ಬಾಗಿಲಿಗೆ ಬಂದ ದಿನ ಎರಡೆಕರೆ ಕೇಳಿಕೊಂಡು ಬರುವವನ ಮಾತು ಬಹಳ ಸಿಹಿಯಾಗಿ ಕೇಳಿಸುತ್ತದೆ. ಕೈಯಲ್ಲಿ ನಾಲ್ಕು ಕಾಸಿರುವಾಗ ಮಾಡಿಕೊಂಡ ಕಟ್ಟುಪಾಡು ಕಷ್ಟದ ದಿನ ಕಾಯುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ.

ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಆಡಳಿತ ಮಂಡಲಿಯನ್ನು ಕೇಳಿಕೊಂಡಿದ್ದೇವೆ. ಈಗಾಗಲೇ ಅತಿಥಿಗಳನ್ನು ಇಟ್ಟುಕೊಂಡಿರುವ ಸದಸ್ಯರು ತಮ್ಮ ಎರಡು ಮೂರು ವರ್ಷದ ಜಮಾಖರ್ಚನ್ನೂ, ಅದರಲ್ಲಿ ತೋಟಕ್ಕೆ ಹೋದದ್ದೆಷ್ಟು ಎಂಬುದನ್ನೂ ಬರೆದು ಕಛೇರಿಗೆ ಕಳುಹಿಸಿದರೆ ಚರ್ಚೆಗೆ ಆಧಾರ ಸಿಗುತ್ತದೆ. ನಮ್ಮ ಅಭಿಪ್ರಾಯವನ್ನು ಒಪ್ಪದವರೂ ಸಂಕೋಚವಿಲ್ಲದೆ ಬರೆಯಬೇಕು; ಮುಂದಿನ ಸಂಚಿಕೆಯಲ್ಲಿ ಅವರಿಗೂ ಇಷ್ಟೇ ಜಾಗವನ್ನು ಕೊಡುತ್ತೇವೆ.